ಒಂಬತ್ತನೇ ನಂಬರಿನ ಕರಾರು

ನಾಣಯ್ಯ ಸಾರಿನ ಸೌಟು ಎತ್ತಿ ಮಗನ ಬಾಯಿಗೆ ಬಾರಿಸಿದ್ದು ಫುಟ್‌ಬಾಲಿನ ಮಾತಿಗೆ.

ಮೇ ತಿಂಗಳ ಕೊನೆಯ ಭಾನುವಾರ, ಮಧ್ಯಾಹ್ನದ ಊಟದ ಹೊತ್ತು. ಹೊನ್ನಮ್ಮ ಒಲೆಯ ಮುಂದೆ ಕೂತು ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ಹಿಂದಿನ ದಿನವಷ್ಟೇ ಸುಂಟಿಕೊಪ್ಪದ ಮೈದಾನದಲ್ಲಿ ಕಾರೆಕಾಡು ಇಲೆವೆನ್ ಫೈನಲ್ ಸೋತಿತ್ತು. ಊರೆಲ್ಲ ಬೆರಳು ತೋರಿಸುತ್ತಿದ್ದುದು ಒಬ್ಬನ ಕಡೆಗೆ, ಒಂಬತ್ತನೇ ನಂಬರಿನ ಅಭಿಲಾಷನ ಕಡೆಗೆ. ಆ ಅಭಿಲಾಷ್ ಈ ಮನೆಯ ಅಳಿಯ.

"ಪೆನಾಲ್ಟಿ ತಪ್ಪದವನು ಯಾರಿದಾನೆ ಹೇಳು," ಎಂದ ನಾಣಯ್ಯ.

"ಪೆನಾಲ್ಟಿ ಹಾಳಾಗ್ಲಿ ಬಿಡಪ್ಪ," ಎಂದ ನಂದೀಶ. "ಇಡೀ ಟೂರ್ನಮೆಂಟಲ್ಲಿ ಒಂದು ಗೋಲು. ಒಂದೇ ಒಂದು. ಭಾವ ಓಡ್ತಿರಲಿಲ್ಲ, ನಡೀತಿದ್ದ. ಇನ್ನೊಂದು ವರ್ಷ ಕರಾರು ಕೊಟ್ರೆ ಟೀಮು ಮುಳುಗ್ತದೆ."

"ಹನ್ನೊಂದು ವರ್ಷ ಈ ಟೀಮಿಗೆ ಕಾಲು ಸವೆಸಿದಾನೆ ಕಣೋ."

"ಅದಕ್ಕೆ ಪೆನ್ಶನ್ ಕೊಡಕ್ಕೆ ಇದೇನು ಸರ್ಕಾರನಾ? ರವಿಗೆ ಇಪ್ಪತ್ತೊಂದು ವರ್ಷ, ಕುದುರೆ ಥರ ಓಡ್ತಾನೆ. ಅವನನ್ನ ಬೆಂಚಲ್ಲಿ ಕೂರಿಸಿ ನಿನ್ನ ಅಳಿಯನ್ನ ಆಡಿಸಿದ್ರಿ. ನೀನು ಕಮಿಟೀಲಿರೋದು ಟೀಮಿಗೋಸ್ಕರನಾ, ಮಗಳ ಮನೆಗೋಸ್ಕರನಾ?"

ಸೌಟು ಬಿದ್ದದ್ದು ಆಗ. ನಂದೀಶನ ಕೆಳದುಟಿ ಒಡೆದು ರಕ್ತ ಗಲ್ಲಕ್ಕೆ ಇಳಿಯಿತು. ಅವನು ಎದುರಿನ ತಟ್ಟೆಯನ್ನೆತ್ತಿ ಗೋಡೆಗೆ ಬೀಸಿದ. ಹಂದಿ ಸಾರು ಕ್ಯಾಲೆಂಡರಿನ ಮೇಲೆಲ್ಲ ಹರಿಯಿತು.

"ಇನ್ನೊಂದ್ಸಲ ಕೈ ಎತ್ತು ನೋಡಣ. ಅಪ್ಪ ಅಂತ ನೋಡಲ್ಲ, ಆ ಕೈ ಮುರೀತೀನಿ."

"ಮುರಿಯೋ! ಬಾ, ಮುರಿ!"

ಹೊನ್ನಮ್ಮ ಇಬ್ಬರ ನಡುವೆ ನುಗ್ಗಿ ಮಗನ ಎದೆಗೆ ಎರಡೂ ಕೈ ಕೊಟ್ಟು ಬಾಗಿಲಾಚೆ ತಳ್ಳಿದಳು. ಅವಳ ಕೈಗೆ ಮೆತ್ತಿದ್ದ ಹಿಟ್ಟು ಅವನ ಕಪ್ಪು ಅಂಗಿಯ ಮೇಲೆ ಎರಡು ಬಿಳಿ ಅಂಗೈ ಮೂಡಿಸಿತು. ಅವನು ಅದನ್ನು ಒರೆಸಿಕೊಳ್ಳದೆ ಬೈಕ್ ಹತ್ತಿ ಹೋದ. ನಾಣಯ್ಯ ಮತ್ತೆ ಕೂತು ಮೂರು ರೊಟ್ಟಿ ತಿಂದ. ಗೋಡೆ ಒರೆಸಿದವಳು ಹೊನ್ನಮ್ಮ.

ನಾಣಯ್ಯ ಕಾರೆಕಾಡು ಎಸ್ಟೇಟಿನಲ್ಲಿ ಮೂವತ್ತು ವರ್ಷ ಟ್ರ್ಯಾಕ್ಟರ್ ಓಡಿಸಿದವನು. ಅದನ್ನು ಅವನು ಹೇಳಿಕೊಳ್ಳುತ್ತಿರಲಿಲ್ಲ. ಹೇಳಿಕೊಳ್ಳುತ್ತಿದ್ದುದು ಎಸ್ಟೇಟಿನ ಟೀಮಿಗೆ ಹದಿನಾಲ್ಕು ವರ್ಷ ಗೋಲ್‌ಕೀಪರ್ ಆಗಿ ನಿಂತದ್ದನ್ನು. ಎಡಗೈಯ ಎರಡು ಬೆರಳು ಈಗಲೂ ಮಡಚುವುದಿಲ್ಲ. ಎಸ್ಟೇಟಿನ ಯಜಮಾನರು ದೇರಪ್ಪನವರಿಗೂ ಫುಟ್‌ಬಾಲ್ ಹುಚ್ಚು. ಟೀಮಿನ ಹುಡುಗರೆಲ್ಲ ಬೂಟಿಗೂ ಬಸ್‌ಚಾರ್ಜಿಗೂ ಆಡುವವರೇ. ಒಬ್ಬನಿಗೆ ಮಾತ್ರ ಯಜಮಾನರು ವರ್ಷವರ್ಷ ಕರಾರು ಬರೆದುಕೊಡುತ್ತಿದ್ದರು: ಸ್ಟೋರಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ, ತಿಂಗಳ ಸಂಬಳ, ಇರಲು ಎರಡು ಕೋಣೆಯ ಕ್ವಾರ್ಟರ್ಸ್. ಹನ್ನೊಂದು ವರ್ಷದಿಂದ ಆ ಕರಾರು ಅಭಿಲಾಷನ ಹೆಸರಿನಲ್ಲೇ ಇತ್ತು. ಯಾರಿಗೆ ಕೊಡಬೇಕೆಂದು ಪ್ರತಿ ಜೂನಿನಲ್ಲಿ ಐದು ಜನರ ಕಮಿಟಿ ಕೂತು ತೀರ್ಮಾನಿಸಬೇಕು. ಆ ಐವರಲ್ಲಿ ನಾಣಯ್ಯ ಒಬ್ಬ.

ಅಭಿಲಾಷ್ ಎಸ್ಟೇಟಿನ ಕೂಲಿಮನೆಗಳ ಲೈನಿನಲ್ಲಿ ಹುಟ್ಟಿದ ಮಲಯಾಳಿ ಹುಡುಗ. ಮಗಳು ಶೋಭಿತಾ ಅವನನ್ನೇ ಕಟ್ಟಿಕೊಳ್ಳುತ್ತೇನೆಂದು ಹಠ ಹಿಡಿದಾಗ ಹೊನ್ನಮ್ಮನ ಅಣ್ಣಂದಿರು ಕೋಪದಲ್ಲಿ ಕುಣಿದಾಡಿದ್ದರು. ನಾಣಯ್ಯ ಜಾತಿ ಕೇಳಲಿಲ್ಲ, ಭಾಷೆ ಕೇಳಲಿಲ್ಲ. "ಎರಡು ಕಾಲಲ್ಲೂ ಹೊಡೀತಾನೆ. ಅಂಥ ಹುಡುಗ ಎಲ್ಲಿ ಸಿಗ್ತಾನೆ?" ಎಂದವನೇ ಛತ್ರ ಗೊತ್ತು ಮಾಡಿಬಿಟ್ಟ. ನಂದೀಶನಿಗೆ ಆಗ ಹದಿನೇಳು. ಭಾವನ ಹಳೇ ಜೆರ್ಸಿ ತೊಟ್ಟುಕೊಂಡೇ ಮಲಗುತ್ತಿದ್ದ. ಈಗ ಇಪ್ಪತ್ನಾಲ್ಕು, ಪಿಕಪ್ ಓಡಿಸುತ್ತಾನೆ, ಟೀಮಿನ ಹುಡುಗರನ್ನೆಲ್ಲ ಮ್ಯಾಚಿಗೆ ಅದರಲ್ಲೇ ತುಂಬಿಕೊಂಡು ಹೋಗುತ್ತಾನೆ, ಗ್ಯಾಲರಿಯಲ್ಲಿ ಡೋಲು ಬಡಿಯುವವರಿಗೆಲ್ಲ ಅವನೇ ಮುಂದಾಳು.

ಈ ಮನೆಯಲ್ಲಿ ಯಾರೂ ಕೇಳದ ಅಭಿಪ್ರಾಯ ಒಂದಿತ್ತು, ಹೊನ್ನಮ್ಮನದು. ಮದುವೆಯಾಗಿ ಬಂದಾಗಿನಿಂದ ಮೈದಾನದ ದಿಬ್ಬದ ಮೇಲೆ ಕೂತು ಅವಳು ನೋಡದ ಮ್ಯಾಚಿಲ್ಲ. ಗಂಡನಿಗೆ ನಿಂಬೆ ಶರಬತ್ತು ಒಯ್ಯುತ್ತಾ ಶುರುವಾದದ್ದು ಹಾಗೇ ಉಳಿದಿತ್ತು. ಸೆಮಿಫೈನಲಿನಲ್ಲೇ ಅವಳ ಕಣ್ಣಿಗೆ ಬಿದ್ದಿತ್ತು: ಅಭಿಲಾಷ್ ಬಲಗಾಲು ಬೀಸುವ ಮೊದಲು ಎಡ ಮಂಡಿಯನ್ನು ಒಮ್ಮೆ ತಡೆಯುತ್ತೀಯಾ ಎಂದು ಕೇಳಿಕೊಳ್ಳುತ್ತಿದ್ದ. ಅಷ್ಟರಲ್ಲಿ ಚೆಂಡು ಬೇರೆಯವರ ಕಾಲಿಗೆ ಹೋಗಿರುತ್ತಿತ್ತು. ಮಗ ಹೇಳಿದ್ದು ಸರಿ ಎಂದು ಅವಳಿಗೆ ಗೊತ್ತಿತ್ತು. ಆದರೆ ಆ ಕ್ವಾರ್ಟರ್ಸಿನಲ್ಲಿದ್ದವಳು ಮಗಳು.

ಆಮೇಲಿನ ಎರಡು ವಾರ ಪೇಟೆಯಲ್ಲಿ ಬೇರೆ ಮಾತೇ ಇರಲಿಲ್ಲ. ಕೊಡಬೇಕೆನ್ನುವವರು ಅರ್ಧ, ಬಿಡಬೇಕೆನ್ನುವವರು ಅರ್ಧ. ಕ್ಷೌರದಂಗಡಿಯಲ್ಲಿ ಮುಖಕ್ಕೆ ಸೋಪು ಹಚ್ಚಿಸಿಕೊಂಡು ಕೂತಿದ್ದವನೊಬ್ಬ ಅಭಿಲಾಷನನ್ನು ಕುಂಟ ಎಂದನಂತೆ. ಪಕ್ಕದ ಕುರ್ಚಿಯವನು ಎದ್ದು ಅವನ ತಲೆಯನ್ನು ಕನ್ನಡಿಗೆ ಗುದ್ದಿದನಂತೆ. ಹನ್ನೊಂದು ಹೊಲಿಗೆ. ಮೀನು ಮಾರುವವನು ಹೊನ್ನಮ್ಮನನ್ನು ಕಂಡೊಡನೆ ತಕ್ಕಡಿ ಕೆಳಗಿಟ್ಟ.

"ಮೊದಲು ಹೇಳಿ ಅಮ್ಮ, ನೀವು ಮಗನ ಪಾರ್ಟಿನಾ ಅಳಿಯನ ಪಾರ್ಟಿನಾ?"

"ಮತ್ತಿ ಮೀನಿನ ಪಾರ್ಟಿ. ಅರ್ಧ ಕಿಲೋ ಹಾಕು."

ಅವನು ನಕ್ಕ, ಅವಳು ನಗಲಿಲ್ಲ.

ಎಸ್ಟೇಟಿನ ನರ್ಸರಿಯಲ್ಲಿ ಅವಳಿಗೆ ದಿನಗೂಲಿ, ಕಾಫಿ ಸಸಿಯ ಪ್ಲಾಸ್ಟಿಕ್ ಕವರಿಗೆ ಮಣ್ಣು ತುಂಬುವ ಕೆಲಸ. ಪಕ್ಕದಲ್ಲಿ ಕೂತು ತುಂಬುತ್ತಿದ್ದವಳು ರವಿಯ ತಾಯಿ ಸಿದ್ದಮ್ಮ. ಗಂಡ ಸತ್ತ ಮೇಲೆ ಲೈನಿನ ಒಂದೇ ಕೋಣೆಯಲ್ಲಿ ಮಗನನ್ನು ಬೆಳೆಸಿದವಳು. ಅವಳು ಜಗಳಕ್ಕೆ ಬರಲಿಲ್ಲ.

"ನನ್ನ ಮಗ ಬೆಂಚಿಂದ ಎದ್ದು ಆಡಿದಷ್ಟರಲ್ಲೇ ಐದು ಗೋಲು ಹೊಡೆದ ಅಕ್ಕ," ಎಂದಳಷ್ಟೇ, ಕವರನ್ನು ನೆಲಕ್ಕೆ ಕುಟ್ಟಿ ಮಣ್ಣು ಇಳಿಸುತ್ತಾ. "ಅವನಿಗೂ ಎರಡು ಕೋಣೆ ಮನೇಲಿ ಮಲಗೋ ಆಸೆ ಇರಲ್ವಾ?"

"ಇರ್ತದೆ," ಎಂದಳು ಹೊನ್ನಮ್ಮ.

ಎರಡನೇ ಗುರುವಾರ ಕ್ವಾರ್ಟರ್ಸಿನ ಕಿಟಕಿಗೆ ಕಲ್ಲು ಬಿತ್ತು. ಗಾಜಿನ ಚೂರು ಶೋಭಿತಾಳ ಆರು ವರ್ಷದ ಮಗಳು ಚಿನ್ನಿಯ ಹಣೆಗೆ ಹೊಕ್ಕಿತು.

ಶೋಭಿತಾ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಆಟೋದಲ್ಲಿ ಬಂದಾಗ ನಂದೀಶ ಅಡುಗೆಮನೆಯಲ್ಲಿ ಕೂತು ಗಂಜಿ ಕುಡಿಯುತ್ತಿದ್ದ. ಅವಳು ಮಗುವನ್ನು ತಾಯಿಯ ಕೈಗೆ ಕೊಟ್ಟಳು. ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಕಲ್ಲನ್ನು ಬಿಚ್ಚಿ ತಮ್ಮನ ಗಂಜಿಯೊಳಗೆ ಹಾಕಿದಳು.

"ತಿನ್ನು," ಎಂದಳು.

"ನಾನು ಹೊಡೆದಿಲ್ಲ ಅಕ್ಕ. ಚಿನ್ನಿ ಆಣೆ."

"ಅವಳ ಹೆಸರು ನಿನ್ನ ಬಾಯಲ್ಲಿ ಬರಬಾರದು! ನೀನು ಹೊಡೀಲಿಲ್ಲ, ಹೊಡೆಯೋರನ್ನ ಸಾಕಿದೆ. ನನ್ನ ಗಂಡನ ಫೋಟೋಗೆ ಊರುಗೋಲು ಅಂಟಿಸಿ ಗ್ರೂಪಿಗೆ ಹಾಕಿದ್ದು ಯಾರು? ಇವಳ ಸ್ಕೂಲಲ್ಲಿ ಮಕ್ಕಳು ಕುಂಟನ ಮಗಳು ಅಂತಾರೆ ಇವಳನ್ನ."

"ಫೋಟೋ ತಮಾಷೆಗೆ..."

ಅವಳ ಕೈ ಅವನ ಕೆನ್ನೆಗೆ ಬಿತ್ತು, ಇನ್ನೊಂದು ಸಲ ಬಿತ್ತು. ಮೂರನೆಯದಕ್ಕೆ ಅವನು ಅವಳನ್ನು ತಳ್ಳಿದ. ಶೋಭಿತಾ ಹಿಂದಕ್ಕೆ ಹೋಗಿ ರುಬ್ಬುವ ಕಲ್ಲಿಗೆ ಸೊಂಟ ಬಡಿದುಕೊಂಡು ಬಿದ್ದಳು. ಅಷ್ಟು ಸಾಕಾಯಿತು ಒಳಗಿನಿಂದ ಬಂದ ನಾಣಯ್ಯನಿಗೆ. ಬೆಲ್ಟು ಕೈಗೆ ಸುತ್ತಿಕೊಂಡು ಬಂದವನು ಮಗನ ಬೆನ್ನಿಗೆ, ಕತ್ತಿಗೆ, ಸಿಕ್ಕಿದಲ್ಲಿ ಬಿಗಿದ. ನಂದೀಶ ಅಪ್ಪನ ಸೊಂಟ ಹಿಡಿದು ಅಂಗಳಕ್ಕೆ ಎಳೆದ. ಇಬ್ಬರೂ ಕೆಸರಿನಲ್ಲಿ ಉರುಳಾಡಿದರು. ಅರವತ್ತರ ಹತ್ತಿರದ ಅಪ್ಪ, ಇಪ್ಪತ್ನಾಲ್ಕರ ಮಗ, ಒಬ್ಬರ ಗಂಟಲನ್ನೊಬ್ಬರು ಹಿಡಿದುಕೊಂಡು. ಹೊನ್ನಮ್ಮ ಮಗುವಿನ ಮುಖವನ್ನು ತನ್ನ ಹೆಗಲಿಗೆ ಒತ್ತಿಕೊಂಡಳು. ಒಂದೇ ಕೈಯಲ್ಲಿ ಹಂಡೆಯ ಪಕ್ಕದ ಬಕೆಟ್ಟು ಎತ್ತಿ, ಕಚ್ಚಾಡುವ ನಾಯಿಗಳಿಗೆ ಎರಚುವ ಹಾಗೆ ನೀರು ಎರಚಿದಳು.

"ಮಗು ಹಣೇಲಿ ಗಾಜು ಇದೆ," ಎಂದಳು. "ಇಬ್ಬರಲ್ಲಿ ಯಾರಾದ್ರೂ ಮನುಷ್ಯರಿದ್ರೆ ಡಾಕ್ಟರ ಹತ್ರ ಕರ್ಕೊಂಡು ಹೋಗಿ."

ಕರೆದುಕೊಂಡು ಹೋದವನು ನಂದೀಶ. ವಾಪಸ್ಸು ಬಂದಾಗ ಅವನ ಕಣ್ಣು ಕೆಂಪಾಗಿತ್ತು. ಪಿಕಪ್ಪಿನ ಬಾಗಿಲ ಹತ್ತಿರ ನಿಂತು ತಾಯಿಯನ್ನು ಕೇಳಿದ:

"ನೀನೂ ನೋಡ್ತೀಯಲ್ಲಮ್ಮ ಮ್ಯಾಚು. ಹೇಳು. ಭಾವ ಆಡ್ತಿದಾನಾ?"

"ಅದನ್ನ ಕೇಳೋ ಹೊತ್ತಾ ಇದು?"

"ಎಲ್ಲರೂ ಹೀಗೇ ಹೇಳ್ತೀರಿ. ರವಿ ಆ ಬೆಂಚಲ್ಲೇ ಮುದುಕ ಆಗ್ತಾನೆ."

ಸಂಜೆ ಅಭಿಲಾಷ್ ಹೆಂಡತಿ ಮಗಳನ್ನು ಕರೆದೊಯ್ಯಲು ಬಂದ. ಮೂವತ್ತೆರಡರ ಗಂಡಸು ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದದ್ದನ್ನು ಹೊನ್ನಮ್ಮ ಕಂಡಳು, ಕಂಡೂ ಕಾಣದವಳಂತೆ ತಟ್ಟೆ ಹಾಕಿದಳು. ಮೀನು ಸಾರು, ಅನ್ನ. ಶೋಭಿತಾ ಒಳಗೆ ಮಗುವಿನ ಪಕ್ಕ ಮಲಗಿದ್ದಳು. ನಾಣಯ್ಯ ಹೊರಗೆ ಜಗಲಿಯಲ್ಲಿ. ಅಭಿಲಾಷ್ ದನಿ ತಗ್ಗಿಸಿ ಕೇಳಿದ:

"ಅತ್ತೆ, ನೀವು ದಿಬ್ಬದ ಮೇಲಿಂದ ನೋಡ್ತೀರಿ. ನಿಮಗೆ ಗೊತ್ತಾಗ್ತದೆ. ನನ್ನದು ಮುಗೀತಾ?"

"ಇನ್ನೊಂದು ತುಂಡು ಮೀನು ಹಾಕ್ಲಾ?"

"ಜನವರಿಯಿಂದ ಮಂಡಿಗೆ ಇಂಜೆಕ್ಷನ್ ತಗೊಂಡು ಆಡ್ತಿದೀನಿ. ಶೋಭಿಗೆ ಗೊತ್ತಿಲ್ಲ. ಮಾವನಿಗೂ ನಂದಿಗೂ ಗೊತ್ತು." ಅವನು ಅನ್ನವನ್ನು ಕಲಸುತ್ತಲೇ ಇದ್ದ. "ನಾನೇ ಬೇಡ ಅಂದುಬಿಡಬಹುದು. ಅಂದ್ರೆ ಮಾರನೇ ದಿನ ಕ್ವಾರ್ಟರ್ಸ್ ಬಿಡಬೇಕು. ಇಪ್ಪತ್ತೊಂದನೇ ವಯಸ್ಸಿಂದ ನನಗೆ ಗೊತ್ತಿರೋ ಕೆಲಸ ಇದೊಂದೇ."

ಹೌದು, ಮುಗೀತು ಕಣಪ್ಪ, ನೀನಾಗಿ ಬಿಟ್ಟುಬಿಡು, ನಾಲ್ಕು ತಿಂಗಳು ಇಲ್ಲೇ ಬಂದು ಇರಿ. ಈ ಮಾತು ಹೊನ್ನಮ್ಮನ ನಾಲಿಗೆಯ ತುದಿವರೆಗೂ ಬಂತು. ಜಗಲಿಯಲ್ಲಿ ಗಂಡ ಕೆಮ್ಮಿದ. ಅವಳು ಅಳಿಯನ ತಟ್ಟೆಗೆ ಮೀನು ಹಾಕಿದಳು.

ಜೂನ್ ಮೂರನೇ ಶನಿವಾರ ಕಮಿಟಿ ಕೂತಿತು. ಶನಿವಾರ ಬಟವಾಡೆಯ ದಿನ. ವಾರದ ಕೂಲಿಗೆ ಆಳುಗಳೆಲ್ಲ ಸ್ಟೋರಿನ ಮುಂದಿನ ಸಿಮೆಂಟು ಕಣದಲ್ಲಿ ಸಾಲು ನಿಂತಿದ್ದರು. ಜಗಲಿಯಲ್ಲಿ ಮೇಜು ಹಾಕಿಕೊಂಡು ಹೆಸರು ಕೂಗಿ ಕೂಲಿ ಕೊಡುತ್ತಿದ್ದವನು ಸ್ಟೋರ್ ರೈಟರ್ ಅಭಿಲಾಷನೇ. ಅವನ ಬೆನ್ನ ಹಿಂದಿನ ಬಾಗಿಲೊಳಗೆ ಅವನ ಹಣೆಬರಹ ತೀರ್ಮಾನವಾಗುತ್ತಿತ್ತು. ಒಂದೊಂದು ಹೆಸರು ಕೂಗುವಾಗಲೂ ಅವನು ಒಮ್ಮೆ ಬಾಗಿಲಿನ ಕಡೆ ತಿರುಗುತ್ತಿದ್ದ. ಗೇಟಿನ ಹತ್ತಿರ ಇಪ್ಪತ್ತು ಮೂವತ್ತು ಹುಡುಗರು, ಮುಂದೆ ನಂದೀಶ, ಅವನ ಪಕ್ಕ ರವಿ. ಎದುರು ಬದಿಯಲ್ಲಿ ಅಭಿಲಾಷನ ಕಡೆಯವರು, ಅವರೂ ಅಷ್ಟೇ ಜನ. ಸಾಲಿನಲ್ಲಿ ಸಿದ್ದಮ್ಮನ ಹಿಂದೆ ಹೊನ್ನಮ್ಮ ನಿಂತಿದ್ದಳು.

ನಾಲ್ಕೂವರೆಗೆ ಬಾಗಿಲು ತೆರೆಯಿತು. ನಾಣಯ್ಯ ಮೆಟ್ಟಿಲ ಮೇಲೆ ಬಂದು ಎರಡೂ ಕೈ ಎತ್ತಿದ.

"ಮೂರು ಎರಡು! ಇನ್ನೊಂದು ವರ್ಷ!"

ಒಂದು ಕಡೆಯಿಂದ ಶಿಳ್ಳೆ ಬಿತ್ತು, ಇನ್ನೊಂದು ಕಡೆಯಿಂದ ಚಪ್ಪಲಿ. ನಂದೀಶ ಕೂಗಿದ: "ಮೂರನೇ ಓಟು ಮಾವಂದು! ಕೇಳಿದ್ರಾ, ಮಾವಂದು!" ಯಾರು ಮೊದಲು ಯಾರನ್ನು ಹಿಡಿದರೋ. ಕಣ್ಣು ಮಿಟುಕಿಸುವಷ್ಟರಲ್ಲಿ ಎರಡು ಗುಂಪೂ ಕಣದ ನಡುವೆ ಬಂದು ಬಡಿದುಕೊಂಡವು. ಕೂಲಿಯ ಸಾಲು ಚೆಲ್ಲಾಪಿಲ್ಲಿಯಾಯಿತು. ಮೇಜು ಮಗುಚಿತು. ಒಬ್ಬ ಮುದುಕಿಯ ಕೈಯನ್ನು ಯಾರೋ ತುಳಿದರು, ಅವಳು ಕಿರುಚುತ್ತಲೇ ಇದ್ದಳು. ಅಭಿಲಾಷ್ ಜಗಲಿಯಿಂದಿಳಿದು ಇಬ್ಬರು ಹುಡುಗರ ಕಾಲರ್ ಹಿಡಿದು ಬೇರೆ ಮಾಡಲು ಬಗ್ಗಿದ್ದ. "ಸಾಕು ಬಿಡ್ರೋ, ಬೇಡ ನನಗೆ, ನನಗೆ ಬೇಡ ಅದು," ಎನ್ನುತ್ತಿದ್ದ. ಆ ಗದ್ದಲದಲ್ಲಿ ಅದು ಹೊನ್ನಮ್ಮನಿಗೆ ಕೇಳಿಸಿತು. ಬೇರೆ ಯಾರಿಗೂ ಕೇಳಿಸಿದಂತೆ ಕಾಣಲಿಲ್ಲ.

ಗೋಡೆಗೆ ಒರಗಿಸಿಟ್ಟಿದ್ದ ಗುದ್ದಲಿಯ ಕಾವುಗಳಲ್ಲಿ ಒಂದನ್ನು ನಂದೀಶ ಎಳೆದುಕೊಂಡ. ರವಿ ಅವನ ಅಂಗಿ ಹಿಡಿದು ಜಗ್ಗಿದ. "ಬೇಡ ನಂದಣ್ಣ, ಬೇಡ!" ಅಂಗಿ ಹರಿದು ರವಿಯ ಕೈಯಲ್ಲಿ ಉಳಿಯಿತು. ನಂದೀಶ ಎರಡು ಹೆಜ್ಜೆ ಹಾಕಿ, ಬಗ್ಗಿ ನಿಂತಿದ್ದ ಭಾವನ ಕಾಲಿಗೆ ಹಿಂದಿನಿಂದ ಬೀಸಿದ. ಅಭಿಲಾಷ್ ಬಿದ್ದು ಮಗ್ಗುಲಾದ. ಎರಡನೇ ಏಟು ಎಡ ಮಂಡಿಯ ಚಿಪ್ಪಿನ ಮೇಲೆ ನೇರ ಇಳಿಯಿತು. ಬಾಧೆಯ ಕಾಲು ಯಾವುದೆಂದು ಊರಿಗೆ ಗೊತ್ತಿರಲಿಲ್ಲ, ಮನೆಯವನಿಗೆ ಗೊತ್ತಿತ್ತು.

ಹಸಿ ಸೌದೆ ಸೀಳಿದ ಸದ್ದು ಬಂತು. ಅಭಿಲಾಷ್ ಮುಖವನ್ನು ಸಿಮೆಂಟಿಗೆ ಒತ್ತಿಕೊಂಡು ಊಳಿಟ್ಟ.

ನಂದೀಶ ತಲೆ ಎತ್ತಿದಾಗ ನಾಲ್ಕು ಮಾರು ದೂರದಲ್ಲಿ ತಾಯಿ ನಿಂತಿದ್ದಳು. ಕಾವು ಅವನ ಕೈಯಿಂದ ಬಿತ್ತು. ಅವನು ಸ್ಟೋರಿನ ಹಿಂದಕ್ಕೆ ಓಡಿದ. ಯಾರಾದರೂ ಮತ್ತೆ ಎತ್ತಿಕೊಂಡಾರೆಂದು ರವಿ ಅದನ್ನು ದೂರ ಎಸೆಯಲು ಕೈಗೆತ್ತಿಕೊಂಡ. ಜನ ತಿರುಗಿ ನೋಡಿದಾಗ ಕಂಡದ್ದು ಅದು: ನೆಲದಲ್ಲಿ ಅಭಿಲಾಷ್, ಪಕ್ಕದಲ್ಲಿ ಕೋಲು ಹಿಡಿದ ರವಿ.

"ಇವನೇ! ಕರಾರು ಸಿಗಲಿಲ್ಲ ಅಂತ ಕಾಲೇ ಮುರಿದ!"

ಪೊಲೀಸರು ಬರುವಷ್ಟರಲ್ಲಿ ಅಭಿಲಾಷನ ಕಡೆಯವರು ರವಿಯನ್ನು ಗೇಟಿಗೆ ಒತ್ತಿ ಹೊಡೆದಿದ್ದರು. ಅವನ ಎಡ ಕಿವಿಯಿಂದ ರಕ್ತ ಬರುತ್ತಿತ್ತು, ಮುಂದಿನ ಎರಡು ಹಲ್ಲು ಹೋಗಿದ್ದವು. ಸಿದ್ದಮ್ಮ ಮಗನ ಮೇಲೆ ಬಿದ್ದು ಮುಚ್ಚಿಕೊಂಡಿದ್ದಳು, ಅವಳ ಬೆನ್ನಿಗೂ ಒದೆ ಬಿದ್ದಿತ್ತು. ಪೊಲೀಸರು ರವಿಯನ್ನು ಜೀಪಿಗೆ ಹತ್ತಿಸಿಕೊಂಡು ಹೋದರು.

ಮಡಿಕೇರಿಯ ಆಸ್ಪತ್ರೆಯಲ್ಲಿ ಡಾಕ್ಟರು ಮಂಡಿಚಿಪ್ಪು ಮೂರು ಚೂರಾಗಿದೆ ಎಂದರು. ಶೋಭಿತಾ ಬಾಯಿಗೆ ಸೆರಗು ತುರುಕಿಕೊಂಡು ಗೋಡೆಗೆ ಆತು ಕೂತಳು. "ಆ ರವಿ ನನ್ನ ಕೈಗೆ ಸಿಕ್ಕಲಿ," ಎಂದಳು. ಹೊನ್ನಮ್ಮ ಅವಳ ಪಕ್ಕದಲ್ಲೇ ಇದ್ದಳು. ಅಭಿಲಾಷನಿಗೆ ಹೊಡೆದವರು ಕಂಡಿರಲಿಲ್ಲ. ಬಾಯಿ ತೆರೆದರೆ ಮಗ ಹೋಗುತ್ತಾನೆ. ತೆರೆಯಲಿಲ್ಲ.

ಭಾನುವಾರ ಬೆಳಿಗ್ಗೆ ಮನೆಗೆ ಬಂದಾಗ ನಾಣಯ್ಯ ಹೇಳಿದ: "ನಂದಿ ಮೂರ್ನಾಡಲ್ಲಿ ನನ್ನ ತಂಗಿ ಮನೇಲಿದಾನೆ. ಯಾರು ಕೇಳಿದ್ರೂ ಶುಕ್ರವಾರವೇ ಹೋದ ಅನ್ನು."

"ಹೊಡೆದದ್ದು ಅವನು. ನಾನು ನೋಡಿದೆ."

"ನಾನೂ ನೋಡಿದೆ ಕಣೆ." ಅವನು ಬಾಗಿಲು ಮುಚ್ಚಿದ. "ಮೆಟ್ಟಿಲ ಮೇಲೆ ನಿಂತಿದ್ದವನಿಗೆ ಕಾಣಲ್ವಾ? ಏನು ಮಾಡಲಿ ಹೇಳು. ಅಳಿಯನ ಕಾಲು ಹೋಯ್ತು, ಮಗನೂ ಹೋಗಲಾ?"

"ಸಿದ್ದಮ್ಮನಿಗೂ ಒಬ್ಬನೇ ಮಗ."

"ಅವಳ ಮಗನ ಸುದ್ದಿ ಅವಳು ನೋಡ್ಕೋತಾಳೆ."

ಅವತ್ತು ಹೊನ್ನಮ್ಮ ಅಡುಗೆ ಮಾಡಿದಳು, ಆಸ್ಪತ್ರೆಗೆ ಬುತ್ತಿ ಕಟ್ಟಿ ಕಳಿಸಿದಳು, ಬಟ್ಟೆ ಒಗೆದಳು. ಸೋಮವಾರ ಬೆಳಿಗ್ಗೆ ಹಿತ್ತಿಲ ಬಾಗಿಲಲ್ಲಿ ಸಿದ್ದಮ್ಮ ಬಂದು ನಿಂತಳು. ಒಳಗೆ ಕರೆದರೂ ಬರಲಿಲ್ಲ.

"ಬಟ್ಟೆ ಕೊಡಕ್ಕೆ ಠಾಣೆಗೆ ಹೋಗಿದ್ದೆ. ನಾನು ಮಾತಾಡಿದ್ರೆ ಬಲಗಿವಿ ನನ್ನ ಕಡೆ ತಿರುಗಿಸ್ತಾನೆ. ನಂದೀಶಣ್ಣ ಹೊಡೆದದ್ದು ಅಂತಾನೆ. ಯಾರೂ ನಂಬಲ್ಲ." ಅವಳು ಹೊನ್ನಮ್ಮನ ಮುಖ ನೋಡಿದಳು. "ನೀವು ನನ್ನ ಹಿಂದೇನೇ ಇದ್ರಿ ಅಕ್ಕ. ಮುಂದೆ ಜನ ಅಡ್ಡ ಇದ್ರು, ನನಗೆ ಕಾಣ್ಲಿಲ್ಲ. ನಿಮಗೆ ಕಂಡಿತಾ?"

ಹೊನ್ನಮ್ಮ ಹೊಸ್ತಿಲಿನ ಕಡೆ ಕಣ್ಣು ಇಳಿಸಿದಳು. ಸಿದ್ದಮ್ಮ ತಲೆ ಅಲ್ಲಾಡಿಸಿ, ಬೈಯದೆ, ಅಳದೆ, ಕಾಫಿ ಗಿಡಗಳ ನಡುವಿನ ದಾರಿಯಲ್ಲಿ ಹೋದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹೊನ್ನಮ್ಮ ಒಲೆಯ ಬೆಂಕಿ ಹಿಂದಕ್ಕೆಳೆದು ನೀರು ಹಾಕಿದಳು. ಒಳ್ಳೆಯ ಸೀರೆ ಉಟ್ಟಳು. ಚಪ್ಪಲಿ ಮೆಟ್ಟುವಾಗ ನಾಣಯ್ಯ ಬಾಗಿಲಿಗೆ ಅಡ್ಡ ನಿಂತ.

"ಎಲ್ಲಿಗೆ?"

"ಠಾಣೆಗೆ."

ಅವನು ಅವಳ ತುರುಬು ಹಿಡಿದು ಎಳೆದು ತಲೆಯನ್ನು ಬಾಗಿಲ ಕಂಬಕ್ಕೆ ಗುದ್ದಿದ. ಒಂದು ಸಲ, ಎರಡು ಸಲ. "ಹೆತ್ತವಳೇನೇ ನೀನು? ಹೆತ್ತವಳಾ?" ಮೂವತ್ತು ವರ್ಷದಲ್ಲಿ ಅವನು ಹೊಡೆದದ್ದು ಇದೇ ಮೊದಲಲ್ಲ. ಅವಳು ತಿರುಗಿ ಹೊಡೆದದ್ದು ಇದೇ ಮೊದಲು. ಒಲೆಯ ಪಕ್ಕದ ಸೌದೆ ಕೈಗೆ ಸಿಕ್ಕಿತು. ಅವನ ಮೊಣಕೈಗೆ ಬೀಸಿದಳು, ಹಿಡಿತ ಸಡಿಲಾಯಿತು. ಇನ್ನೊಂದು ಭುಜಕ್ಕೆ ಬಿತ್ತು. ನಾಣಯ್ಯ ಗೋಡೆಗೆ ಜಾರಿ ಕೂತು, ಮಡಚದ ಬೆರಳುಗಳಿಂದ ಮುಖ ಮುಚ್ಚಿಕೊಂಡು ಅಳತೊಡಗಿದ. ಅವಳು ಸೌದೆಯನ್ನು ಒಲೆಯ ಹತ್ತಿರ ಇಟ್ಟು ಹೊರಟಳು.

ಎಸ್‌ಐ ಅವಳ ಬೀಗಿದ ಕಣ್ಣನ್ನೂ ಹಣೆಯ ರಕ್ತವನ್ನೂ ನೋಡಿ ಕುರ್ಚಿ ಕೊಡಿಸಿದ.

"ಇದು ಯಾರಮ್ಮ ಮಾಡಿದ್ದು?"

"ಅದು ಆಮೇಲೆ. ಮೊದಲು ಶನಿವಾರದ್ದು ಬರ್ಕೊಳ್ಳಿ."

ನಂದೀಶನನ್ನು ಅವತ್ತೇ ಮೂರ್ನಾಡಿನಿಂದ ಹಿಡಿದು ತಂದರು. ರವಿಯನ್ನು ಬಿಟ್ಟರು. ಅವನ ಎಡ ಕಿವಿ ಪೂರ್ತಿ ಸರಿಯಾಗಲಿಲ್ಲ. ಹಿಂದಿನಿಂದ ಕೂಗಿದರೆ ಕೇಳಿಸುವುದಿಲ್ಲ, ಅಂಥವನು ಮೈದಾನದಲ್ಲಿ ಏನು ಆಡುತ್ತಾನೆ ಎಂದರು. ಕಮಿಟಿ ಒಪ್ಪಿದ ಕರಾರಿಗೆ ದೇರಪ್ಪನವರು ಇನ್ನೂ ಸಹಿ ಹಾಕಿರಲಿಲ್ಲ. ಹಾಕಲೂ ಇಲ್ಲ. ಕಣ್ಣೂರಿನಿಂದ ಹೊಸ ಹುಡುಗನೊಬ್ಬ ಬಂದ, ಕ್ವಾರ್ಟರ್ಸಿಗೆ ಸುಣ್ಣ ಬಳಿದರು. ಅವನು ಆ ಕರಾರಿಗೆ ಯೋಗ್ಯನೋ ಅಲ್ಲವೋ ಎಂದು ಕ್ಷೌರದಂಗಡಿಯಲ್ಲಿ ಆಗಲೇ ಮಾತು ಶುರುವಾಗಿತ್ತು.

ಶೋಭಿತಾ ಹಿಟ್ಟಿನ ಮಿಲ್ಲಿನ ಹಿಂದೆ ಒಂದು ಕೋಣೆ ಹಿಡಿದಳು. ಹೊಲಿಗೆ ಮಿಷನ್ ಒಂದು ಮೂಲೆ, ಕಾಲು ಚಾಚಿಕೊಂಡ ಗಂಡ ಇನ್ನೊಂದು ಮೂಲೆ. ಹೊನ್ನಮ್ಮ ಬುತ್ತಿ ಹೊತ್ತು ಹೋದ ಮೊದಲ ದಿನ ಮಗಳು ಮಿಷನ್ ನಿಲ್ಲಿಸದೆ ಕೇಳಿದಳು: "ಆಸ್ಪತ್ರೇಲಿ ನನ್ನ ಪಕ್ಕ ಕೂತಿದ್ದೆಯಲ್ಲಮ್ಮ ಆ ರಾತ್ರಿ. ನಾನು ರವಿನ ಬೈತಿದ್ದೆ. ನೀನು ಕೇಳಿಸ್ಕೊಳ್ತಾ ಕೂತಿದ್ದೆ."

"ಹೌದು," ಎಂದಳು ಹೊನ್ನಮ್ಮ. ಬುತ್ತಿ ಇಟ್ಟು ಬಂದಳು. ಮಾರನೇ ದಿನವೂ ಹೋದಳು.

ಮನೆಯಲ್ಲಿ ನಾಣಯ್ಯ ಅವಳೊಂದಿಗೆ ಮಾತು ಬಿಟ್ಟಿದ್ದ. ಅವಳು ಬಡಿಸುತ್ತಿದ್ದಳು, ಅವನು ತಿನ್ನುತ್ತಿದ್ದ. ಕಮಿಟಿಗೆ ರಾಜೀನಾಮೆ ಕೊಟ್ಟಿದ್ದನ್ನು ಅವಳಿಗೆ ಹೇಳಿದ್ದು ಮೀನು ಮಾರುವವನು.

ಜುಲೈ ನಡುವೆ ಒಂದು ಭಾನುವಾರ ನಂದೀಶ ಜಾಮೀನಿನ ಮೇಲೆ ಬಂದ. ಪಿಕಪ್ ವಕೀಲರ ಫೀಸಿಗೆ ಹೋಗಿತ್ತು, ಬಸ್ಸಿಳಿದು ನಡೆದೇ ಬಂದು ಅಂಗಳದಲ್ಲಿ ನಿಂತ. ಗಡ್ಡ ಬಂದಿತ್ತು, ತೆಳ್ಳಗಾಗಿದ್ದ. ಹೊನ್ನಮ್ಮ ಕೆಸುವಿನೆಲೆ ಸುರುಳಿ ಸುತ್ತುತ್ತಿದ್ದಳು. ಜಗಲಿಯಿಂದ ನಾಣಯ್ಯ ಎದ್ದ. "ಬಾ ಒಳಗೆ," ಎಂದ.

"ಬೇಡ," ಎಂದಳು ಹೊನ್ನಮ್ಮ. "ಮೊದಲು ಅಕ್ಕನ ಮನೆಗೆ ಹೋಗು."

"ನನ್ನನ್ನ ಕೊಲ್ತಾಳಮ್ಮ."

"ನಡಿ. ನಾನೂ ಬರ್ತೀನಿ."

ಸಂತೆಯ ದಿನ, ಪೇಟೆ ತುಂಬ ಜನ. ಮಗ ಮುಂದೆ, ತಾಯಿ ಹತ್ತು ಹೆಜ್ಜೆ ಹಿಂದೆ. ಅಂಗಡಿಗಳವರು ಮಾತು ನಿಲ್ಲಿಸಿ ನೋಡಿದರು. ಒಬ್ಬ ಉಗುಳಿದ, ಅದು ನಂದೀಶನ ಕಾಲ ಹತ್ತಿರ ಬಿತ್ತು. ಅವನು ನಿಲ್ಲಲಿಲ್ಲ.

ಬಾಗಿಲು ತೆರೆದವಳು ಶೋಭಿತಾ. ಬಾಗಿಲ ಹಿಂದಿನ ಪೊರಕೆ ಕೈಗೆ ಬಂತು. ಮುಖಕ್ಕೆ, ತಲೆಗೆ, ಭುಜಕ್ಕೆ ಬಾರಿಸಿದಳು. ಕಡ್ಡಿಗಳು ಮುರಿದು ಉದುರಿದವು. ಆಮೇಲೆ ಬರೀ ಹಿಡಿಯಿಂದ ಹೊಡೆದಳು. ನಂದೀಶ ಎರಡೂ ಕೈ ಇಳಿಬಿಟ್ಟು ನಿಂತಿದ್ದ. ಹುಬ್ಬು ಒಡೆದು ರಕ್ತ ಕಣ್ಣಿಗೆ ಇಳಿದರೂ ಒರೆಸಿಕೊಳ್ಳಲಿಲ್ಲ. ಮಿಲ್ಲಿನವರು ಹೊರಗೆ ಬಂದು ನಿಂತರು. ಬಿಡಿಸಲು ಒಬ್ಬ ಮುಂದೆ ಬಂದ. ಹೊನ್ನಮ್ಮ ಅವನನ್ನು ಕೈ ಅಡ್ಡ ಹಿಡಿದು ತಡೆದಳು. ಒಳಗಿನಿಂದ ಅಭಿಲಾಷನ ದನಿ ಒಮ್ಮೆ "ಶೋಭಿ" ಎಂದಿತು.

ಕೈ ಸೋತಾಗ ಶೋಭಿತಾ ಪೊರಕೆ ಬಿಟ್ಟು ಹೊಸ್ತಿಲ ಮೇಲೆ ಕುಸಿದು ಕೂತಳು. ಬಹಳ ಹೊತ್ತು ಏದುಸಿರು ಬಿಟ್ಟಳು. ಆಮೇಲೆ ತಮ್ಮನ ಮುಖ ನೋಡದೆ ಹೇಳಿದಳು:

"ಬುಧವಾರ ಅವರನ್ನ ಮಡಿಕೇರಿಗೆ ತೋರಿಸ್ಬೇಕು. ರಸ್ತೆವರೆಗೂ ನಡೆಯಕ್ಕಾಗಲ್ಲ, ಬಸ್ ಹತ್ತಕ್ಕಾಗಲ್ಲ. ಹೊತ್ಕೊಂಡು ಹೋಗಕ್ಕೆ ಒಬ್ಬರು ಬೇಕು. ಏಳೂವರೆಗೆ ಬಾ."

ನಂದೀಶ ತಲೆ ಆಡಿಸಿದ.

"ತಡ ಮಾಡಿದ್ರೆ ಬಸ್ಸು ಹೋಗ್ತದೆ," ಎಂದು ಎದ್ದು, ಅವಳು ಬಾಗಿಲು ಹಾಕಿಕೊಂಡಳು.